ಕಡಲು ಪುಕ್ಕಟೆ, ಕುರ್ಚಿಗೆ ಕಾಸು

ಮೆಕ್ಸಿಕೊದಲ್ಲಿ ಸಮುದ್ರದಂಡೆ ಯಾರಪ್ಪನ ಸ್ವತ್ತೂ ಅಲ್ಲ. ಭರತದ ನೀರು ಮುಟ್ಟುವ ಗೆರೆಯಿಂದ ಒಳಕ್ಕೆ 20 ಮೀಟರ್ ಅಗಲದ ಪಟ್ಟಿ ಕೇಂದ್ರ ಸರ್ಕಾರಕ್ಕೆ ಸೇರಿದ್ದು. ಹೋಟೆಲಿನವರು ಅದನ್ನು ಗುತ್ತಿಗೆ ಹಿಡಿಯಬಹುದು, ಬೇಲಿ ಹಾಕುವಂತಿಲ್ಲ. ದಂಡೆಗೆ ಹೋಗುವವರನ್ನು ತಡೆದರೆ 10 ಲಕ್ಷ ಪೆಸೊ ದಾಟುವಷ್ಟು ದಂಡ ಬೀಳಬಹುದೆಂದು 2020ರ ಅಕ್ಟೋಬರಿನಲ್ಲಿ ಕಾನೂನನ್ನು ಬಿಗಿ ಮಾಡಿದ್ದಾರೆ. ಒಂದು ಪೆಸೊ ಎಂದರೆ ಹೆಚ್ಚೂಕಡಿಮೆ ಐದು ರೂಪಾಯಿ, ಲೆಕ್ಕ ಹಾಕಿಕೊಳ್ಳಿ. ಇಷ್ಟೆಲ್ಲ ಇದ್ದರೂ ಪುಯೆರ್ತೊ ವಯಾರ್ತಾದ ಮರಳಿನಲ್ಲಿ ಮಧ್ಯಾಹ್ನದ ಹೊತ್ತು ಸ್ವಲ್ಪ ನೆರಳು ಬೇಕೆಂದರೆ ಜೇಬಿಗೆ ಕೈ ಹಾಕಲೇಬೇಕು. ಮರಳು ಎಲ್ಲರದು, ಅದರ ಮೇಲಿನ ಕೊಡೆ ಹೋಟೆಲಿನವರದು.

ಈ ಊರಲ್ಲಿ ಯಾರು ಎಲ್ಲಿ ಕೂರಬಹುದು, ಕೂರುವುದಕ್ಕೆ ಎಷ್ಟು ತೆರಬೇಕು ಎಂಬುದನ್ನು ನೋಡುತ್ತಾ ಹೋದರೆ ವ್ಯಾಪಾರ ಎತ್ತ ತಿರುಗಿದೆಯೆಂಬುದು ತಾನಾಗಿ ತಿಳಿಯುತ್ತದೆ.

ವಯಾರ್ತಾ ಇರುವುದು ಪೆಸಿಫಿಕ್ ಕರಾವಳಿಯಲ್ಲಿ, ಹಲಿಸ್ಕೊ ರಾಜ್ಯದ ಬಾಂದೆರಾಸ್ ಕೊಲ್ಲಿಯ ಮಡಿಲಲ್ಲಿ. ಬೆನ್ನಿಗೆ ಹಸಿರು ಬೆಟ್ಟ. ಅಕ್ಕನ ಮಗ ಗ್ವಾದಲಹಾರಾದಲ್ಲಿ ಐಟಿ ಕೆಲಸದಲ್ಲಿದ್ದಾನೆ. ಸ್ಪ್ಯಾನಿಷ್ ಚೆನ್ನಾಗಿ ಕಲಿತಿದ್ದಾನೆ, ಕಾರೂ ಇದೆ, ಹಾಗಾಗಿ 2025ರ ಅಕ್ಟೋಬರ್ ಕೊನೆಯಲ್ಲಿ ನನ್ನನ್ನು ಕರೆದೊಯ್ಯುವ ಹೊಣೆ ಅವನ ಹೆಗಲಿಗೆ ಬಿತ್ತು. ಹಿಂದೆ ಬೆಟ್ಟ ಸುತ್ತಿ ಬರುತ್ತಿದ್ದ ದಾರಿ ಈಗ ಹೊಸ ಹೆದ್ದಾರಿಯಿಂದ ಹತ್ತಿರವಾಗಿದೆ. ಶುಕ್ರವಾರ ಸಂಜೆ ಆಫೀಸು ಬಿಟ್ಟವರು ರಾತ್ರಿ ಊಟಕ್ಕೆ ಕಡಲ ಬದಿಯಲ್ಲಿರುತ್ತಾರೆ. ಚಳಿಗಾಲದಲ್ಲಿ ಬಂದು ತಿಂಗಳುಗಟ್ಟಲೆ ಬೀಡುಬಿಡುವ ಕೆನಡಾ, ಅಮೆರಿಕದವರನ್ನೇ ನೆಚ್ಚಿದ್ದ ಅಂಗಡಿಗಳಿಗೆ ವಾರಾಂತ್ಯದ ಸ್ವದೇಶಿ ಗಿರಾಕಿಯ ಮುಖ ಹೊಸದಾಗಿ ಕಾಣತೊಡಗಿದೆ. ಆದರೆ ಆ ಗಿರಾಕಿ ಮನೆಯಿಂದಲೇ ಐಸ್‌ಪೆಟ್ಟಿಗೆಯಲ್ಲಿ ಬಿಯರು ತರುತ್ತಾನೆಂಬ ಗೊಣಗಾಟವೂ ಇದೆ.

ನಡಿಗೆ ಶುರುವಾಗುವುದು ಉತ್ತರದ ಹೋಟೆಲ್ ರೋಸಿತಾದಿಂದ. 1948ರ ಹೋಟೆಲು ಅದು. ಅಲ್ಲಿಂದ ದಕ್ಷಿಣಕ್ಕೆ ಸುಮಾರು ಒಂದು ಕಿಲೋಮೀಟರು ಉದ್ದಕ್ಕೆ ಮಲೆಕೋನ್, ಅಂದರೆ ಕಡಲಬದಿಯ ಹಾಸುದಾರಿ. 2011ರವರೆಗೂ ಇಲ್ಲಿ ಬಸ್ಸು, ಟ್ಯಾಕ್ಸಿ ಓಡುತ್ತಿದ್ದವು. ಆ ವರ್ಷ ವಾಹನಗಳನ್ನು ಹಿಂದಿನ ಬೀದಿಗಳಿಗೆ ತಳ್ಳಿ ಇದನ್ನು ಪೂರ್ತಿ ಪಾದಚಾರಿಗಳಿಗೆ ಬಿಟ್ಟರು. ಈಗ ಮಕ್ಕಳು ಓಡುತ್ತವೆ, ಮುದುಕರು ಕೂರುತ್ತಾರೆ, ಕಟ್ಟೆಗಳಿಗೇನೂ ಬರವಿಲ್ಲ. ಅಲೆಹಾಂದ್ರೊ ಕೊಲುಂಗಾ ಎಂಬ ಶಿಲ್ಪಿ ವಿಚಿತ್ರ ಮುಖದ ಕಂಚಿನ ಕುರ್ಚಿಗಳನ್ನೇ ಮಾಡಿಟ್ಟಿದ್ದಾನೆ. ಒಂದರ ನೆತ್ತಿಯಲ್ಲಿ ಆಕ್ಟೋಪಸ್. ಜನ ಅವುಗಳ ತೊಡೆಯೇರಿ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೂತ ಕಡೆಯೆಲ್ಲ ಕಂಚು ಉಜ್ಜಿ ಹೊಳೆಯುತ್ತಿದೆ. ಇದಕ್ಕೆ ಮಾತ್ರ ಬಿಡಿಗಾಸೂ ಇಲ್ಲ.

ಮುಂದೆ ಸಮುದ್ರಕುದುರೆಯೇರಿದ ಹುಡುಗನ ವಿಗ್ರಹ, ಊರಿನ ಗುರುತು. ಇದರ ಮೊದಲ ಪ್ರತಿಯನ್ನು ದಕ್ಷಿಣದ ಬಂಡೆಗಳ ಮೇಲೆ ನಿಲ್ಲಿಸಿದ್ದರಂತೆ, ಅಲೆಗಳು ಎಳೆದೊಯ್ದವು. ಇಲ್ಲಿ ಇನ್ನೊಂದು ನಿಲ್ಲಿಸಿದ ಮೇಲೆ ಮೊದಲಿನದೂ ಸಿಕ್ಕಿತು. ಹಾಗಾಗಿ ಈಗ ಊರಿಗೆ ಎರಡು ಹುಡುಗರು. ಸಮುದ್ರ ಇಲ್ಲಿ ಅಲಂಕಾರಕ್ಕೆ ಮಾತ್ರ ಇರುವುದಲ್ಲ. 2002ರ ಅಕ್ಟೋಬರಿನಲ್ಲಿ ಕೆನ್ನಾ ಚಂಡಮಾರುತದ ಅಲೆಗಳು ಮಲೆಕೋನ್ ದಾಟಿ ಅಂಗಡಿಗಳೊಳಗೆ ನುಗ್ಗಿ, ದಂಡೆಯ ಕಲ್ಲಿನ ಕಮಾನುಗಳನ್ನೂ ಕೆಡವಿದ್ದವು.

ನಾವು ಹೋದಾಗ ಸತ್ತವರ ಹಬ್ಬದ ತಯಾರಿ. ಹಲವು ಮಹಡಿಯೆತ್ತರದ ಅಸ್ಥಿಪಂಜರದ ಹೆಂಗಸು, ಕತ್ರೀನಾ, ಅಗಲ ಟೋಪಿ ಹಾಕಿಕೊಂಡು ಕಡಲಿಗೆ ಬೆನ್ನು ಮಾಡಿ ನಿಂತಿದ್ದಳು. ಕಾಲ ಬುಡದಲ್ಲಿ ರಾಶಿ ರಾಶಿ ಚೆಂಡುಹೂವು. ಆಯುಧಪೂಜೆಗೆ ನಾವು ಲಾರಿಯ ಮೂತಿಗೆ ಕಟ್ಟುವ ಈ ಹೂವಿನ ತವರು ಮೆಕ್ಸಿಕೊ. ನಮ್ಮಲ್ಲಿಗೆ ತಂದವರು ಪೋರ್ಚುಗೀಸರೆನ್ನುತ್ತಾರೆ.

ಪೆಸಿಫಿಕ್ ದಾಟಿ ಅತ್ತಣಿಂದ ಬಂದದ್ದೂ ಒಂದಿದೆ. ಹೆಗಲ ಮೇಲೆ ದೊಡ್ಡ ಸೋರೆಬುರುಡೆ ಹೊತ್ತ ಒಬ್ಬ ‘ತೂಬಾ, ತೂಬಾ’ ಎಂದು ಕೂಗುತ್ತಾ ಬಂದ. ಬುರುಡೆಯ ಬಾಯಿಗೆ ಜೋಳದ ದಿಂಡಿನ ಬಿರಟೆ. ಲೋಟಕ್ಕೆ ಬಗ್ಗಿಸಿದ್ದು ತಿಳಿಗುಲಾಬಿ ಬಣ್ಣದ ತೆಂಗಿನ ನೀರಾ. ಮೇಲೆ ಸಣ್ಣಗೆ ಹೆಚ್ಚಿದ ಸೇಬು, ಒಂದು ಹಿಡಿ ಕಡಲೆಕಾಯಿ ಬೀಜ. ಹದಿನಾರನೆಯ ಶತಮಾನದಲ್ಲಿ ಮನಿಲಾದಿಂದ ಹಡಗುಗಳಲ್ಲಿ ಬಂದ ಫಿಲಿಪೀನಿಗಳು ಈ ಕರಾವಳಿಯವರಿಗೆ ತೆಂಗಿನ ಹೊಂಬಾಳೆ ಕೊಯ್ದು ರಸ ಇಳಿಸುವುದನ್ನು ಕಲಿಸಿದರು. ಗುಟುಕಿಗೊಮ್ಮೆ ಸೇಬಿನ ಚೂರು ಹಲ್ಲಿಗೆ ಸಿಕ್ಕುತ್ತದೆ. ಹುಳಿ ಇನ್ನೂ ತಿರುಗಿರಲಿಲ್ಲ. ಉಡುಪಿ ಕಡೆಯ ನನಗೆ ಸೇಬು ಯಾಕೋ ಅಧಿಕಪ್ರಸಂಗ ಅನಿಸಿತು, ಆದರೆ ಇನ್ನೊಂದು ಲೋಟ ಬೇಡವೆನ್ನಲಿಲ್ಲ. ಈತನಿಗೆ ಅಂಗಡಿಯಿಲ್ಲ, ಕುರ್ಚಿಯಿಲ್ಲ, ಬಾಡಿಗೆಯಿಲ್ಲ. ಮಲೆಕೋನಿನ ವ್ಯಾಪಾರದಲ್ಲಿ ಡಾಲರಿನ ದರ ಕೇಳದವನು ಪ್ರಾಯಶಃ ಇವನೊಬ್ಬನೇ.

ಉಳಿದವರೆಲ್ಲ ಕೇಳುತ್ತಾರೆ. ಹಣ ಬದಲಿಸುವ ಗೂಡಂಗಡಿಯ ಹಲಗೆ ಇಲ್ಲಿ ದಿನಪತ್ರಿಕೆಯಿದ್ದಂತೆ. 2020ರ ಏಪ್ರಿಲಿನಲ್ಲಿ ಒಂದು ಡಾಲರಿಗೆ ಸುಮಾರು 25 ಪೆಸೊ ಸಿಗುತ್ತಿತ್ತು. 2024ರ ಏಪ್ರಿಲಿನಲ್ಲಿ ಅದು 16.50ರ ಆಸುಪಾಸಿಗೆ ಇಳಿದಿತ್ತು. ಅಂದರೆ 200 ಪೆಸೊದ ಅದೇ ಮೀನೂಟ ಅಮೆರಿಕದವನಿಗೆ 8 ಡಾಲರಿನಿಂದ 12 ಡಾಲರಾಯಿತು, ಅಡುಗೆಯವನು ಒಂದು ಪೈಸೆ ಏರಿಸದಿದ್ದರೂ. ಅಷ್ಟರಲ್ಲಿ ಅವನೂ ಏರಿಸಿದ್ದ ಬಿಡಿ. ‘ಮೆಕ್ಸಿಕೊ ಅಗ್ಗ’ ಎಂದು ನಂಬಿ ಬರುವವರ ಮುಖ ಬಿಲ್ಲು ಬಂದಾಗ ನೋಡಬೇಕು.

ಅಂಗಡಿಯವರ ದೂರು ಬೇರೆ. ಬೆಳ್ಳಿ ಸಾಮಾನಿನ ಒಂದು ಅಂಗಡಿಗೆ ಹೊಕ್ಕೆವು. ಗಲ್ಲಾದ ಹಿಂದೆ ಇಪ್ಪತ್ತರ ಆಸುಪಾಸಿನ ಹುಡುಗಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಳು. ನಮ್ಮನ್ನು ಕಂಡು ಧಡಕ್ಕನೆ ಎದ್ದಳು, ಆಮೇಲೆ ಏನೋ ನೆನಪಾದಂತೆ ಮತ್ತೆ ಕೂತಳು. 2025ರ ಜೂನ್ 17ರಿಂದ ಮೆಕ್ಸಿಕೊದಲ್ಲಿ ಕುರ್ಚಿ ಕಾನೂನು ಜಾರಿಯಲ್ಲಿದೆ. ಅಂಗಡಿ, ಹೋಟೆಲು ಮುಂತಾದೆಡೆ ಕೆಲಸಗಾರರಿಗೆ ಕೂರಲು ಆಸನ ಕೊಡಲೇಬೇಕು, ದಿನವಿಡೀ ನಿಲ್ಲಿಸುವಂತಿಲ್ಲ. ಆಸನಕ್ಕೆ ಬೆನ್ನೊರಗು ಇರಬೇಕೆಂದೂ ಅದರಲ್ಲಿದೆ. ‘ಚಿಕ್ಕಮ್ಮ, ಈ ಸ್ಟೂಲು ಕಾನೂನಿಗೆ ಅರ್ಧ ಮಾತ್ರ ಸರಿ’ ಎಂದ ನಮ್ಮ ಹುಡುಗ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಇಂಥದೇ ಕಾನೂನು ತಂದವು. ಸೀರೆಯಂಗಡಿಯಲ್ಲಿ ನೂರು ಸೀರೆ ಬಿಡಿಸಿಸಿ ಒಂದನ್ನೂ ಕೊಳ್ಳದೆ ಎದ್ದು ಬಂದ ನಾನು, ಎದುರಿಗೆ ನಿಂತೇ ಇದ್ದವರ ಕಾಲಿನ ಬಗ್ಗೆ ಯೋಚಿಸಿದ್ದು ಕಡಿಮೆ.

ಇದೊಂದೇ ಅಲ್ಲ. ಒಂದು ವರ್ಷ ದುಡಿದವರಿಗೆ ಸಿಗುವ ಸಂಬಳಸಹಿತ ರಜೆ 2023ರಲ್ಲಿ 6 ದಿನದಿಂದ 12ಕ್ಕೆ ಏರಿತು. ದೇಶದ ಬಹುಭಾಗದಲ್ಲಿ 2018ರಲ್ಲಿ ದಿನಕ್ಕೆ 88.36 ಪೆಸೊ ಇದ್ದ ಕನಿಷ್ಠ ಕೂಲಿ 2025ರಲ್ಲಿ 278.80. ‘ಹೀಗಾದರೆ ಅಂಗಡಿ ನಡೆಸುವುದು ಹೇಗೆ’ ಎಂದು ಮಾಲೀಕ ಕೈ ಆಡಿಸಿದ. ಅವನ ಕಪಾಟಿನಲ್ಲಿ ಒಂದು ಜೊತೆ ಜುಮುಕಿಯ ಬೆಲೆ 1,200 ಪೆಸೊ ಎಂದು ಬರೆದಿತ್ತು. ನಾಲ್ಕು ದಿನದ ಕೂಲಿಗೂ ಮಿಗಿಲು. ಅವನ ಮೇಲೆ ನನಗೆ ಬಂದ ಕನಿಕರ ಅಲ್ಲಿಗೇ ನಿಂತಿತು.

ಮುಂದೆ ಕ್ವಾಲೆ ನದಿ. ಮಳೆಗಾಲ ಆಗಷ್ಟೇ ಮುಗಿದಿದ್ದರಿಂದ ಕೆನ್ನೀರು ಕಡಿಮೆಯಾಗಿ ಕಲ್ಲುಗಳು ಕಾಣುತ್ತಿದ್ದವು. 2021ರ ಆಗಸ್ಟಿನಲ್ಲಿ ನೋರಾ ಚಂಡಮಾರುತ ಬಂದಾಗ ಇದೇ ನದಿ ಉಕ್ಕಿ ಸೇತುವೆಯನ್ನೂ ದಡದ ಕಟ್ಟಡದ ಒಂದು ಭಾಗವನ್ನೂ ಕಿತ್ತುಕೊಂಡು ಹೋಗಿತ್ತು. ನದಿ ನಡುವಿನ ಕುದುರಿನ ಮೇಲೆ ನಿರ್ದೇಶಕ ಜಾನ್ ಹ್ಯೂಸ್ಟನ್ನನ ಪ್ರತಿಮೆಯಿದೆ. 1963ರಲ್ಲಿ ಅವನು ಪಕ್ಕದ ಮಿಸ್ಮಲೋಯಾದಲ್ಲಿ ‘ದಿ ನೈಟ್ ಆಫ್ ದಿ ಇಗ್ವಾನಾ’ ಚಿತ್ರ ತೆಗೆಯಲು ಬಂದ. ನಾಯಕ ರಿಚರ್ಡ್ ಬರ್ಟನ್ನನ ಬೆನ್ನಿಗೆ ಎಲಿಜಬೆತ್ ಟೇಲರ್ ಬಂದಳು, ಟೇಲರಳ ಬೆನ್ನಿಗೆ ಪತ್ರಕರ್ತರ ದಂಡು. ಗಣಿಗಳಿಗೆ ಉಪ್ಪು ಸಾಗಿಸಲು 1851ರಲ್ಲಿ ಹುಟ್ಟಿದ್ದ ಹಳ್ಳಿ ಜಗತ್ತಿನ ಕಣ್ಣಿಗೆ ಬಿತ್ತು. ಮಿಕ್ಕದ್ದನ್ನು ಗೈಡುಗಳು ಬೇಡವೆಂದರೂ ಹೇಳುತ್ತಾರೆ.

ನದಿ ದಾಟಿದರೆ ಸೋನಾ ರೊಮಾಂತಿಕಾ. ಗುಂಡುಕಲ್ಲಿನ ಬೀದಿ, ಬೋಗನ್‌ವಿಲ್ಲಾ, ಮಾರಿಗೆ ನಾಲ್ಕು ಹೋಟೆಲು. ಮಳೆಗಾಲದಲ್ಲಿ ಗಿರಾಕಿಯಿಲ್ಲದೆ ಅನೇಕರು ಸೆಪ್ಟೆಂಬರಿನಲ್ಲಿ ಬಾಗಿಲೆಳೆದು ಬಿಡುತ್ತಾರೆ. ನಾವು ಹೋದಾಗ ಬಾಸಿಲಿಯೊ ಬಾದಿಯೊ ಬೀದಿಯಲ್ಲಿ ಮರದ ಕುರ್ಚಿಗಳನ್ನು ಹೊರಗಿಟ್ಟು ಬಣ್ಣ ಬಳಿಯುತ್ತಿದ್ದರು, ಬೀದಿಯೆಲ್ಲ ಟರ್ಪೆಂಟೈನ್ ಘಮಲು. ಸಿಗರೇಟಿನ ಹೊಗೆ ಮಾತ್ರ ಇಲ್ಲ. 2023ರ ಜನವರಿಯಿಂದ ಹೋಟೆಲಿನ ಜಗಲಿ, ಸಮುದ್ರದಂಡೆ ಎಲ್ಲೆಡೆ ಧೂಮಪಾನ ನಿಷೇಧ. ಲಾಸಾರೊ ಕಾರ್ದೆನಾಸ್ ಪಾರ್ಕಿನ ಬೆಂಚುಗಳಿಗೆ ಬಣ್ಣಬಣ್ಣದ ಟೈಲ್ ಚೂರು ಮೆತ್ತಿದ್ದಾರೆ, ನಡುನಡುವೆ ದಾನಿಗಳ ಹೆಸರು. ಬಹುಪಾಲು ಇಂಗ್ಲಿಷ್ ಹೆಸರುಗಳೇ.

ಇಲ್ಲಿನ ವ್ಯಾಪಾರದ ಬೆನ್ನೆಲುಬು ಸಲಿಂಗಿ ಪ್ರವಾಸಿಗರು. ಕಾಮನಬಿಲ್ಲಿನ ಬಾವುಟ ಬಾರಿನ ಮೇಲಷ್ಟೇ ಅಲ್ಲ, ಔಷಧದಂಗಡಿಯ ಮೇಲೂ ಹಾರುತ್ತದೆ. ಹಲಿಸ್ಕೊದಲ್ಲಿ ಸಲಿಂಗ ಮದುವೆಗೆ 2016ರಿಂದ ಅಡ್ಡಿಯಿಲ್ಲ. ಗಂಡು ಜೋಡಿಯೊಂದು ಕೈಹಿಡಿದು ಹೋಗುತ್ತಿದ್ದರೆ ಪಕ್ಕದಲ್ಲಿ ಅಜ್ಜಿ ಮೊಮ್ಮಗನಿಗೆ ಜೋಳದ ತೆನೆ ಕೊಡಿಸುತ್ತಿರುತ್ತಾಳೆ. ಯಾರೂ ಕತ್ತು ಹೊರಳಿಸುವುದಿಲ್ಲ.

ಕತ್ತೆತ್ತಿ ನೋಡಿದರೆ ಮಾತ್ರ ಕ್ರೇನುಗಳು. ಹೆಂಚಿನ ಮನೆಗಳ ಹಿಂದೆ, ಬೆಟ್ಟದ ಇಳಿಜಾರಿನಲ್ಲಿ, ಹೊಸ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಮೆಕ್ಸಿಕೊದ ಸಂವಿಧಾನದ ಪ್ರಕಾರ ಕರಾವಳಿಯಿಂದ 50 ಕಿಲೋಮೀಟರ್ ಒಳಗೆ ವಿದೇಶಿಯರು ನೇರವಾಗಿ ಭೂಮಿಯ ಒಡೆಯರಾಗುವಂತಿಲ್ಲ. ದಾರಿ ಇದೆ: ಬ್ಯಾಂಕಿನ ಹೆಸರಿನಲ್ಲಿ 50 ವರ್ಷದ ಟ್ರಸ್ಟು, ನವೀಕರಿಸಬಹುದು. ಹೀಗೆ ಕೊಂಡ ಮನೆಗಳಲ್ಲಿ ಎಷ್ಟೋ ಏರ್‌ಬಿಎನ್‌ಬಿಯಲ್ಲಿ ದಿನಬಾಡಿಗೆಗೆ ಹೋಗುತ್ತವೆ. ಕೆಳಗೆ ತಟ್ಟೆ ತೊಳೆಯುವವನು, ಮಂಚದ ಚಾದರ ಬದಲಿಸುವವಳು ಪಿತಿಯಾಲ್ ಬಡಾವಣೆಯಲ್ಲೋ, ಗಡಿಯಾಚೆ ನಯಾರಿತ್ ರಾಜ್ಯದಲ್ಲೋ ಮನೆ ಹಿಡಿದು ಬಸ್ಸಿನಲ್ಲಿ ನಿಂತು ಬರುತ್ತಾರೆ. ಕುರ್ಚಿ ಕಾನೂನು ಬಸ್ಸಿಗೆ ಅನ್ವಯಿಸುವುದಿಲ್ಲ.

ಕೊನೆಗೆ ಲೋಸ್ ಮುಯೆರ್ತೋಸ್ ದಂಡೆ. 2013ರಲ್ಲಿ ಕಟ್ಟಿದ ಹಾಯಿಯಾಕಾರದ ಜಟ್ಟಿ. ಯೆಲಾಪಾಕ್ಕೆ ಹೋಗುವ ದೋಣಿಗಳು ಅಲ್ಲಿಂದ ಹೊರಡುತ್ತವೆ. ಹೋಟೆಲಿನ ಸೋಗೆಯಡಿಯ ಕುರ್ಚಿಗೆ ‘ಕನಿಷ್ಠ 400 ಪೆಸೊ ತಿನ್ನಬೇಕು’ ಎಂಬ ಬೋರ್ಡು. ನಾವು ಸೋಗೆಯಾಚೆ ಮರಳಲ್ಲೇ ಟವೆಲು ಹಾಸಿದೆವು. ಯಾರೂ ಏಳಿಸಲಿಲ್ಲ, ಆದರೆ ಸಪ್ಲಾಯರ್ ಎರಡು ಸಲ ಬಂದು ನಮ್ಮ ನೆತ್ತಿಯ ಬಿಸಿಲನ್ನು ನೋಡಿ ಹೋದ. ಕೆಂಡದ ಒಲೆಯ ಮೇಲೆ ಕೋಲಿಗೆ ಚುಚ್ಚಿದ ಮೀನು, ಸಿಗಡಿ ಸುಡುತ್ತಿದ್ದವನು ಮಾತ್ರ ಗಿರಾಕಿ ಎಲ್ಲಿ ಕೂತರೂ ಒಂದೇ ಎಂದು ಬಂದ. ನಿಂಬೆ ಹಿಂಡಿ, ಬಾಟಲಿಯ ಖಾರದ ಸಾಸು ಚಿಮುಕಿಸಿ ಕೊಟ್ಟ. ಸಿಗಡಿಯ ಚಿಪ್ಪು ಕರಕಲಾಗಿತ್ತು, ಒಳಗೆ ಹದವಾದ ರಸ.

ಕೂರುವುದಕ್ಕಷ್ಟೇ ಅಲ್ಲ, ಊರಿಗೆ ಬಂದದ್ದಕ್ಕೂ ವಿದೇಶಿ ಪ್ರವಾಸಿಗರು ತಲೆಗೆ 141 ಪೆಸೊ ಕೊಡಬೇಕೆಂದು 2025ಕ್ಕೆ ನಗರಸಭೆ ನಿಯಮ ಮಾಡಿತ್ತು. ರಸ್ತೆಯಲ್ಲಿ ಬಂದ ನನ್ನನ್ನು ಯಾರೂ ಕೇಳಲಿಲ್ಲ. ವಿಹಾರ ಹಡಗುಗಳದ್ದು ಇನ್ನೂ ದೊಡ್ಡ ಕಥೆ. ಬರುವ ಪ್ರತಿ ಪ್ರಯಾಣಿಕನ ಮೇಲೆ 42 ಡಾಲರ್ ತೆರಿಗೆ ಎಂದು ಕೇಂದ್ರ ಸರ್ಕಾರ ಗುಡುಗಿತ್ತು. ಹಡಗು ಕಂಪನಿಗಳು ಬೇರೆ ಬಂದರು ನೋಡಿಕೊಳ್ಳುತ್ತೇವೆ ಎಂದವು. ಚೌಕಾಸಿಯಾಗಿ 2025ರ ಜುಲೈಯಿಂದ 5 ಡಾಲರಿಗೆ ಇಳಿಯಿತು. ಹಂತಹಂತವಾಗಿ 2028ಕ್ಕೆ 21 ಆಗಲಿದೆ. ಹಡಗಿನವರು ಊರಲ್ಲಿ ಉಳಿಯುವುದು ಕೆಲವೇ ಗಂಟೆ, ಊಟ ಹಡಗಿನಲ್ಲೇ. 42 ಹೆಚ್ಚಾಯಿತೆಂದು ನನಗೂ ಅನಿಸಿತು, 5 ನಗೆಪಾಟಲು.

ಹೊರಡುವಾಗ ಓಲಾಸ್ ಆಲ್ತಾಸ್ ಬೀದಿಯ ಮೂಲೆಯಲ್ಲಿ ಬಿಳಿ ಅಂಗಿಯವನೊಬ್ಬ ಅಡ್ಡಹಾಕಿದ. ಬೆಳಗಿನ ತಿಂಡಿ, ಒಂದು ಬಾಟಲಿ ತೆಕಿಲಾ, ಜೊತೆಗೆ ದೋಣಿವಿಹಾರದ ಟಿಕೆಟ್, ಎಲ್ಲ ಉಚಿತವಂತೆ. ಒಂದು ರೆಸಾರ್ಟಿನಲ್ಲಿ ತೊಂಬತ್ತು ನಿಮಿಷ ಕೂತು ಅವರು ಹೇಳುವುದನ್ನು ಕೇಳಿದರೆ ಸಾಕು. ವರ್ಷಕ್ಕೊಂದು ವಾರದ ಕೋಣೆಯ ಹಕ್ಕು ಮಾರುವ ಟೈಮ್‌ಶೇರ್ ದಲ್ಲಾಳಿ.

‘ಹೋಗೋಣ ಚಿಕ್ಕಮ್ಮ, ಕೂತಿದ್ದಕ್ಕೆ ಅವರೇ ಕೊಡುತ್ತಾರಂತೆ’ ಎಂದ ಹುಡುಗ.

ದಲ್ಲಾಳಿ ನಮ್ಮಿಬ್ಬರನ್ನೂ ಅಳೆದು ನೋಡಿ, ಗಂಡಹೆಂಡತಿಯೇ ಎಂದು ಕೇಳಿದ. ಅಲ್ಲವೆಂದಾಗ ಅಮೆರಿಕದ ಕ್ರೆಡಿಟ್ ಕಾರ್ಡ್ ಇದೆಯೇ ಎಂದ. ಅದೂ ಇಲ್ಲವೆಂದು ತಿಳಿದ ಮೇಲೆ ತಿಂಡಿ, ತೆಕಿಲಾ, ದೋಣಿ ಮೂರನ್ನೂ ಒಟ್ಟಿಗೆ ವಾಪಸು ಪಡೆದು, ನಮ್ಮ ಹಿಂದೆ ಬರುತ್ತಿದ್ದ ಕೆನಡಾದ ದಂಪತಿಗಳತ್ತ ನಗುತ್ತಾ ಹೋದ.