ಬ್ಲೇಡಿನ ಮೂಲೆ ಕತ್ತರಿಸಿದ್ದು ಯಾಕೆ?

ಚಳ್ಳಕೆರೆಯಲ್ಲಿ ಹಳೆ ರೇಜರ್ ಕೂಡಿಡುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರ ಕೈಗೆ ಒಂದು ರೇಜರ್ ಕೊಟ್ಟರೆ ಕಂಪನಿಯ ಹೆಸರು ಓದುವುದು ಕೊನೆಗೆ. ಮೊದಲು ಹಿಡಿ ತಿರುಗಿಸಿ ತಲೆ ಬಿಚ್ಚುತ್ತಾರೆ. ಮುಚ್ಚಳದ ಒಳಗೆ ನಡುವಿನ ತಿರುಪಿನ ಎರಡೂ ಪಕ್ಕ ಒಂದೊಂದು ದುಂಡನೆ ಮೊಳೆ ಇದ್ದರೆ ಅವರ ಮುಖ ಅರಳುತ್ತದೆ. "ಜಿಲೆಟ್ ಮಾಲಾದ್ರೆ ಇದು 1930ರ ಹಿಂದಿಂದು ನೋಡಿ ಸಾರ್. ಆಗಿನ ಬ್ಲೇಡಿಗೆ ಮೂರು ತೂತು."

ಈಗಿನ ಬ್ಲೇಡಿಗೆ ಮೂರು ತೂತಿಲ್ಲ, ಉದ್ದನೆಯ ಸೀಳಿದೆ. ನಾಲ್ಕು ಮೂಲೆಗಳನ್ನೂ ಕತ್ತರಿಸಿರುತ್ತಾರೆ. ದಿನಾ ಬಳಸುವ ನಾವು ಯಾಕೆಂದು ಕೇಳಿದವರಲ್ಲ, ಮೇಷ್ಟ್ರು ಕೇಳಿದ್ದಾರೆ. ಒದ್ದೆ ಕೈಯಿಂದ ಜಾರಿದ ರೇಜರ್ ಬಚ್ಚಲ ಕಲ್ಲಿಗೆ ಬಿದ್ದರೆ ಮೊದಲು ಪೆಟ್ಟಾಗುವುದು ಮುಚ್ಚಳದ ಮೂಲೆಗೆ. ಮೂಲೆ ಮಣಿದರೆ ಬ್ಲೇಡು ಸಮನಾಗಿ ಕೂರದೆ ಗಡ್ಡ ಎಳೆಯುತ್ತದೆ, ಕೆನ್ನೆ ಗೀರುತ್ತದೆ. 1930ರಲ್ಲಿ ಜಿಲೆಟ್ ತಲೆಯ ವಿನ್ಯಾಸವನ್ನೇ ಬದಲಿಸಿ, ಬ್ಲೇಡಿನ ಮೂಲೆಗಳನ್ನು ಕತ್ತರಿಸಿ ತೆಗೆಯಿತು. ಇದರ ಹಿಂದೆ ಜಗಳವೂ ಇತ್ತು. ಪ್ರತಿಸ್ಪರ್ಧಿ ಹೆನ್ರಿ ಗೈಸ್ಮನ್ ತಂದ ಪ್ರೋಬ್ಯಾಕ್ ಬ್ಲೇಡು ಜಿಲೆಟ್ ರೇಜರಿಗೆ ಹಿಡಿಸುತ್ತಿತ್ತು. ಜಿಲೆಟ್ ಬ್ಲೇಡು ಅವನ ರೇಜರಿಗೆ ಹಿಡಿಸುತ್ತಿರಲಿಲ್ಲ. ಪೇಟೆಂಟ್ ವ್ಯಾಜ್ಯ ಅದೇ ವರ್ಷ ಎರಡೂ ಕಂಪನಿಗಳು ಒಂದಾಗುವುದರಲ್ಲಿ ಮುಗಿಯಿತು. ಹೊಸ ಬ್ಲೇಡಿನ ಸೀಳು ಹಳೆಯ ಮೊಳೆಗಳಿಗೂ ಹೊಂದುತ್ತದೆ. ಹಾಗಾಗಿ ಇಂದು ಪೆಟ್ಟಿಗೆ ಅಂಗಡಿಯಲ್ಲಿ ಸಿಗುವ ಬ್ಲೇಡನ್ನು ಮುತ್ತಜ್ಜನ ಕಾಲದ ರೇಜರಿಗೂ ಹಾಕಬಹುದು.

ಇನ್ನು ಮೂಲ ಪುರುಷನ ಕತೆ. ಬಾಟಲಿ ಮುಚ್ಚಳದ ಕಂಪನಿಯ ಮಾರಾಟಗಾರನಾಗಿದ್ದ ಕಿಂಗ್ ಕ್ಯಾಂಪ್ ಜಿಲೆಟ್‌ಗೆ 1895ರಲ್ಲಿ ಬಳಸಿ ಎಸೆಯುವ ಬ್ಲೇಡಿನ ಯೋಚನೆ ಬಂತು. ತೆಳು ಉಕ್ಕಿನ ಹಾಳೆಗೆ ಹದ ಕೊಡುವ ದಾರಿ ಹುಡುಕಿದ್ದು ವಿಲಿಯಂ ನಿಕರ್ಸನ್. 1903ರಲ್ಲಿ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಊರೂರಿಗೆ ಗಡ್ಡ ತೆಗೆಸಿದ ಈ ಮನುಷ್ಯ ತನ್ನ ಮೀಸೆ ಮಾತ್ರ ಬಿಡಲಿಲ್ಲ. ಮೀಸೆ ಸಮೇತ ಅವನ ಚಿತ್ರ ಬ್ಲೇಡಿನ ಕಾಗದದ ಮೇಲೆಯೇ ಇರುತ್ತಿತ್ತು.

ನಮ್ಮ ಕಡೆ ಆಗ ಕ್ಷೌರಿಕರು ಆಯಗಾರರಲ್ಲಿ ಒಬ್ಬರಾಗಿದ್ದರು, ಸುಗ್ಗಿಯಲ್ಲಿ ಕಾಳು ಅವರ ಪಾಲಾಗಿತ್ತು. ಹಾಗಾಗಿ ತಾನೇ ಕ್ಷೌರ ಮಾಡಿಕೊಳ್ಳುವುದು ಪರಸ್ಥಳಕ್ಕೆ ಹೋಗುವವರಿಗೆ ಮೊದಲು ಒದಗಿದ ಅನುಕೂಲ. ಮೊಳಕಾಲ್ಮುರಿನ ರೇಷ್ಮೆ ಸೀರೆ ಹೊತ್ತು ಊರೂರು ತಿರುಗುತ್ತಿದ್ದವರ ಮನೆಗಳಿಂದಲೇ ತಮಗೆ ಒಳ್ಳೆಯ ರೇಜರುಗಳು ಸಿಕ್ಕವೆಂದು ಮೇಷ್ಟ್ರು ಹೇಳುತ್ತಾರೆ. ಹೆಚ್ಚಿನವು 'ಮೇಡ್ ಇನ್ ಇಂಗ್ಲೆಂಡ್'. ಭಾರತ್, ಅಶೋಕ್, ಟೋಪಾಜ್, ಪನಾಮಾ ಎಂಬ ಮಲ್ಹೋತ್ರಾ ಮನೆತನದ ಬ್ಲೇಡುಗಳ ಕಾಗದಗಳೂ ಅವರಲ್ಲಿವೆ.

ಕಾಲ ಗುರುತಿಸುವಾಗ ಮೋಸ ಹೋಗುವುದು ಸುಲಭ. ತಲೆಯ ಮೇಲೆ 'ನವೆಂಬರ್ 15, 1904' ಎಂದಿದ್ದರೆ ಅದು ಪೇಟೆಂಟ್ ಸಿಕ್ಕ ದಿನ. ಮುಂದಿನ ಎಷ್ಟೋ ವರ್ಷದ ರೇಜರುಗಳ ಮೇಲೂ ಅದನ್ನೇ ಒತ್ತಿದ್ದಾರೆ. ತಿರುಗಿಸಿದರೆ ಎರಡು ಬಾಗಿಲಿನಂತೆ ತೆರೆಯುವ ತಲೆ ಬಂದದ್ದು 1930ರ ದಶಕದಲ್ಲಿ. ಐವತ್ತರ ದಶಕದಿಂದ ಈಚಿನ ಅಮೆರಿಕದ ಮಾಲಾದರೆ ಕೆಲಸ ಹಗುರ. ತಲೆಯ ಕೆಳಗೆ ಒಂದು ಇಂಗ್ಲಿಷ್ ಅಕ್ಷರ, ಒಂದು ಅಂಕಿ ಇರುತ್ತದೆ. 'ಎ' ಎಂದರೆ 1955, 'ಎಫ್' ಎಂದರೆ 1960. ಅಂಕಿ 2 ಇದ್ದರೆ ಏಪ್ರಿಲ್‌ನಿಂದ ಜೂನ್ ಒಳಗೆ ತಯಾರಾದದ್ದು. ಮೇಷ್ಟ್ರು ಭೂತಗನ್ನಡಿ ಹಿಡಿದು ಇದನ್ನು ಓದುವಾಗ ಯಾರದೋ ಜಾತಕ ನೋಡುತ್ತಿರುವಂತೆ ಕಾಣುತ್ತದೆ.

ಆದರೆ ಹಳೆಯ ರೇಜರುಗಳಲ್ಲಿ ಬಹುಪಾಲು ನಿಕ್ಕಲ್ ಲೇಪದ ಅಡಿಯಲ್ಲಿ ಅಪ್ಪಟ ಹಿತ್ತಾಳೆ, ಅವಕ್ಕೆ ಕುತ್ತು ಬಂದಿರುವುದೇ ಅದರಿಂದ. ಹಳೆ ಮನೆ ಕೆಡವಿದಾಗ ಗೂಡಿನಲ್ಲಿ ಸಿಕ್ಕದ್ದು ಕೊಳಗ, ತಂಬಿಗೆಗಳ ಜೊತೆ ಗುಜರಿಗೆ ತೂಕಕ್ಕೆ ಹೋಗುತ್ತದೆ. ಮೇಷ್ಟ್ರು ಗುಜರಿಯವರಿಗೆ ತಮ್ಮ ಫೋನ್ ನಂಬರ್ ಕೊಟ್ಟಿದ್ದಾರೆ. ಅವರು ಕರೆ ಮಾಡುವ ಹೊತ್ತಿಗೆ ಲೋಡು ಬಳ್ಳಾರಿ ರಸ್ತೆ ಹಿಡಿದಿರುತ್ತದೆ.