ಒಂದೇ ಮುಖ, ಬೇರೆ ಗುಣ

ಸೇಬು, ಪೇರ್ ಬೆಳೆಯುವ ದೇಶಗಳಲ್ಲಿ ಫೈರ್ ಬ್ಲೈಟ್ ಎಂದರೆ ತೋಟದವರ ಎದೆ ಝಲ್ಲೆನ್ನುತ್ತದೆ. ವಸಂತದಲ್ಲಿ ಹೂವಿನ ಮೂಲಕ ಒಳಹೊಕ್ಕು, ಗೊಂಚಲನ್ನು ಕಪ್ಪಾಗಿಸಿ, ಚಿಗುರಿನ ತುದಿ ಬಾಗಿಸಿ ಕೊಂಬೆಗೆ ಇಳಿಯುವ ರೋಗ ಇದು. ದಾಳಿ ಜೋರಾಗಿದ್ದರೆ ಒಂದೇ ಹಂಗಾಮಿನಲ್ಲಿ ಮರವೇ ಹೋಗುತ್ತದೆ. ಕಾರಣ, ಎರ್ವಿನಿಯಾ ಅಮೈಲೊವೊರಾ ಎಂಬ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾಗಳು ಗಿಡಮರಗಳಿಗೂ ರೋಗ ತರಬಲ್ಲವು ಎಂಬುದು ಮೊದಲು ತಿಳಿದದ್ದೇ ಈ ರೋಗದಿಂದ; ಅಮೆರಿಕದ ಥಾಮಸ್ ಬರಿಲ್ 1870ರ ದಶಕದ ಕೊನೆಯಲ್ಲಿ ಅದನ್ನು ಕಂಡುಕೊಂಡರು.

ಈ ರೋಗಕ್ಕೆ ಹೆದರಿ ಆಸ್ಟ್ರೇಲಿಯಾ 1921ರಲ್ಲಿ ನ್ಯೂಜಿಲೆಂಡ್ ಸೇಬಿಗೆ ಬಾಗಿಲು ಮುಚ್ಚಿತು. ವ್ಯಾಜ್ಯ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿ, ನ್ಯೂಜಿಲೆಂಡ್ 2010ರಲ್ಲಿ ಗೆದ್ದ ಮೇಲಷ್ಟೇ ಆ ಬಾಗಿಲು ತೆರೆಯಿತು. ನಡುವೆ 1997ರಲ್ಲಿ ಮೆಲ್ಬರ್ನ್‌ನ ಸಸ್ಯೋದ್ಯಾನದಲ್ಲಿ ರೋಗ ಕಾಣಿಸಿ ದೇಶವೇ ಗಾಬರಿಬಿದ್ದಿತ್ತು. ಗಿಡಗಳನ್ನು ನಾಶಮಾಡಿ, ತೋಟಗಳನ್ನೆಲ್ಲ ಜಾಲಾಡಿ ರೋಗ ಉಳಿದಿಲ್ಲವೆಂದು ಖಚಿತಪಡಿಸಿಕೊಂಡರು.

ಇಷ್ಟು ಜಾಗರೂಕವಾದ ಆ ನಾಡಿನಲ್ಲೇ ವಿಕ್ಟೋರಿಯಾ, ಟಾಸ್ಮೇನಿಯಾ, ಕ್ವೀನ್ಸ್‌ಲ್ಯಾಂಡ್‌ಗಳ ಸೇಬು, ಪೇರ್ ಮರಗಳ ಹೂವು ತೊಗಟೆಗಳಿಂದ ವಿಜ್ಞಾನಿಗಳು ಒಂದು ಬ್ಯಾಕ್ಟೀರಿಯಾ ಹೆಕ್ಕಿದರು. ಬಿಳಿ ಬಣ್ಣ, ಸಕ್ಕರೆ ಬೆರೆಸಿದ ತಟ್ಟೆಯಲ್ಲಿ ಬೆಳೆಸಿದರೆ ಗುಮ್ಮಟದಂತೆ ಉಬ್ಬುವ ಗುಂಪುಗಳು. ಎಲ್ಲವೂ ಆ ರೋಗಾಣುವಿನದೇ ಚಹರೆ. ಸೇಬಿಗೂ ಪೇರ್‌ಗೂ ಚುಚ್ಚಿ ನೋಡಿದರೆ ಮಾತ್ರ ಏನೂ ಆಗಲಿಲ್ಲ. 2006ರಲ್ಲಿ ಅದಕ್ಕೆ ಎರ್ವಿನಿಯಾ ಟಾಸ್ಮೇನಿಯೆನ್ಸಿಸ್ ಎಂಬ ಹೆಸರು ಬಂತು.

ರೂಪ ಒಂದೇ ಆದರೂ ಗುಣ ಬೇರೆ ಏಕೆ? ಉತ್ತರಕ್ಕೆ ಜೀನೋಮನ್ನೇ, ಅಂದರೆ ಜೀವಿಯ ಇಡೀ ಡಿಎನ್‌ಎ ಬರಹವನ್ನೇ ಓದಬೇಕಾಯಿತು. ಟಾಸ್ಮೇನಿಯೆನ್ಸಿಸ್‌ನ ಜೀನೋಮ್ 2008ರಲ್ಲಿ, ಅಮೈಲೊವೊರಾದ್ದು 2010ರಲ್ಲಿ ಪ್ರಕಟವಾದವು. ಗಾತ್ರ ಹೆಚ್ಚುಕಡಿಮೆ ಒಂದೇ: ಟಾಸ್ಮೇನಿಯೆನ್ಸಿಸ್‌ನ ವರ್ಣತಂತುವಿನಲ್ಲಿ ಸುಮಾರು 39 ಲಕ್ಷ ಅಕ್ಷರ, ಅಮೈಲೊವೊರಾದ್ದರಲ್ಲಿ 38 ಲಕ್ಷ.

ರೋಗಾಣುವಿಗೆ ಮುಖ್ಯವಾಗಿ ಎರಡು ಆಯುಧ. ಒಂದು, ಸಸ್ಯಕೋಶಕ್ಕೆ ಸೂಜಿಯಂತೆ ಚುಚ್ಚಿ ತನ್ನ ಪ್ರೋಟೀನುಗಳನ್ನು ಒಳಗೆ ತಳ್ಳುವ ಯಂತ್ರ. ಇನ್ನೊಂದು, ಮೈಗೆ ಹೊದ್ದ ಅಮೈಲೊವೊರಾನ್ ಎಂಬ ಅಂಟು ಹೊದಿಕೆ. ಈ ಎರಡರಲ್ಲಿ ಒಂದನ್ನು ಕೆಡಿಸಿದರೂ ಅದು ರೋಗ ತರಲಾರದು. ಹಾಗಾದರೆ ಸಾಧು ಬ್ಯಾಕ್ಟೀರಿಯಾದಲ್ಲಿ ಚುಚ್ಚುವ ಯಂತ್ರ ಇರಬಾರದಲ್ಲ? ಇದೆ! ಹೊದಿಕೆ ನೇಯುವ ಜೀನ್‌ಗಳೂ ಇವೆ, ಆದರೆ ಹೊದಿಕೆ ಮಾತ್ರ ಪತ್ತೆಯಾಗಿಲ್ಲ. ರೋಗಕ್ಕೆ ಬೇಕಾದ ಕೆಲವು ಭಾಗಗಳು ಅದರಲ್ಲಿ ಇಲ್ಲವೇ ಇಲ್ಲ, ಕೆಲವು ಬದಲಾಗಿವೆ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ರುಚಿಸಿದ್ದು ಇದೇ. ಯಾವುದೋ ಒಂದು ಜೀನ್ ಸಿಕ್ಕಿತೆಂದು ‘ರೋಗಾಣು’ ಎಂದು ಹಣೆಪಟ್ಟಿ ಹಚ್ಚಿದರೆ ನಿರಪರಾಧಿ ಸಿಕ್ಕಿಬೀಳುತ್ತಾನೆ.

ನಿರಪರಾಧಿ ಅಷ್ಟೇ ಅಲ್ಲ, ಉಪಕಾರಿಯೂ ಆಗಿರಬಹುದು. ಹೂವಿನಲ್ಲಿ ಇರುವ ಜಾಗ, ಸಿಹಿ ಎರಡೂ ಸೀಮಿತ. ಮೊದಲು ಬಂದವರು ಉಂಡರೆ ತಡವಾಗಿ ಬಂದ ರೋಗಾಣುವಿಗೆ ಉಪವಾಸ. ಈ ತತ್ತ್ವದ ಮೇಲೆ ಪ್ಯಾಂಟೋಯಿಯಾ ಎಂಬ ಬ್ಯಾಕ್ಟೀರಿಯಾವನ್ನು ಸೇಬಿನ ಹೂವಿಗೆ ಸಿಂಪಡಿಸುವ ಪದ್ಧತಿ ಬಂತು. ಅಲ್ಲೊಂದು ತೊಡಕು: ಪ್ಯಾಂಟೋಯಿಯಾ ಅಗ್ಲೊಮೆರಾನ್ಸ್ ಎಂಬ ಹೆಸರು ಆಸ್ಪತ್ರೆಯ ಸೋಂಕುಗಳ ವರದಿಯಲ್ಲೂ ಇತ್ತು. ಮನುಷ್ಯರಿಗೆ ಕಾಯಿಲೆ ತರುವುದನ್ನು ಹಣ್ಣಿನ ಮರಕ್ಕೆ ಹೊಡೆಯುವುದೇ ಎಂಬ ಆಕ್ಷೇಪ ಸಹಜವೇ. ಸ್ವಿಟ್ಜರ್ಲೆಂಡಿನ ಸಂಶೋಧಕರು 2009ರಲ್ಲಿ ಆಸ್ಪತ್ರೆಯ ತಳಿಗಳನ್ನೂ ಗಿಡದ ತಳಿಗಳನ್ನೂ ಜೀನ್ ಮಟ್ಟದಲ್ಲಿ ಹೋಲಿಸಿದರು. ಆ ಹೆಸರಿನಲ್ಲಿ ಸಂಗ್ರಹದಲ್ಲಿದ್ದ ಹಲವು ಆಸ್ಪತ್ರೆ ತಳಿಗಳು ಅಸಲಿಗೆ ಬೇರೆಯೇ ಪ್ರಭೇದದವು! ಹಾಗಂತ ಎಲ್ಲವೂ ಸಲೀಸಾಗಿ ಇತ್ಯರ್ಥವಾಗಲಿಲ್ಲ. ನಿಜವಾದ ಅಗ್ಲೊಮೆರಾನ್ಸ್‌ಗಳಲ್ಲಿ ಗಿಡದವು ಇತ್ತ, ರೋಗಿಯವು ಅತ್ತ ಎಂದು ಸ್ಪಷ್ಟ ಗೆರೆ ಎಳೆಯಲು ಬರಲಿಲ್ಲ.

ಸಿಂಪಡಣೆಯ ಹಳೆಯ ದಾರಿ ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯೋಟಿಕ್. ಅದು ಒಳ್ಳೆಯವರು ಕೆಟ್ಟವರು ಎಂದು ನೋಡುವುದಿಲ್ಲ. ಕ್ಯಾಲಿಫೋರ್ನಿಯಾದ ಪೇರ್ ತೋಟಗಳಲ್ಲಿ 1971ರಷ್ಟು ಹಿಂದೆಯೇ ರೋಗಾಣು ಅದಕ್ಕೆ ಜಗ್ಗದಾಯಿತು. ಈ ಔಷಧಿ ನಮ್ಮ ದಾಳಿಂಬೆ ಬೆಳೆಗಾರರಿಗೂ ಹೊಸದಲ್ಲ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ತೋಟಗಳನ್ನು ಕಾಡಿದ ದುಂಡಾಣು ಅಂಗಮಾರಿ ರೋಗದ ಹಿಂದಿರುವುದು ಕ್ಸಾಂಥೊಮೊನಾಸ್ ಬ್ಯಾಕ್ಟೀರಿಯಾ. ಅದರ ಜೀನೋಮನ್ನು ಚಂಡೀಗಢದ ವಿಜ್ಞಾನಿಗಳು 2012ರಲ್ಲೇ ಪ್ರಕಟಿಸಿದ್ದಾರೆ. ಶತ್ರುವಿನ ಜಾತಕ ಕೈಯಲ್ಲಿದೆ ಎಂದಾಯಿತು. ಅದೇ ಎಲೆಯ ಮೇಲೆ ಬದುಕುವ ನಿರುಪದ್ರವಿಗಳ ಜಾತಕವನ್ನೂ ನಮ್ಮ ತೋಟಗಾರಿಕೆ ಪ್ರಯೋಗಾಲಯಗಳು ಅಷ್ಟೇ ಆಸ್ಥೆಯಿಂದ ಬರೆಯಬೇಕು. ಅಲ್ಲಿಯವರೆಗೆ ಬೆಳೆಗಾರರು ಎಲೆಯಲ್ಲಿ ಚುಕ್ಕೆ ಕಂಡ ಕೂಡಲೇ ಪಂಪು ಹೆಗಲಿಗೇರಿಸದೆ, ಮೊದಲು ಆ ಎಲೆಯನ್ನು ಪರೀಕ್ಷೆಗೆ ಕಳಿಸಲಿ.