ಫಾರ್ಮುಲಾಕ್ಕೂ ಹುಟ್ಟಿದ ವರ್ಷವಿದೆ!

ಕಳೆದ ತಿಂಗಳು ಇಂಟರ್ನ್‌ಶಿಪ್‌ಗಾಗಿ ಹುಬ್ಬಳ್ಳಿಯ ಕಚೇರಿಯೊಂದಕ್ಕೆ ಹೋಗಿದ್ದೆ. ಇಪ್ಪತ್ತು ನಿಮಿಷದ ಎಕ್ಸೆಲ್ ಪರೀಕ್ಷೆ. ಸರಕಿನ ಕೋಡ್‌ಗೆ ತಕ್ಕ ಬೆಲೆ ಹುಡುಕಿ ತರಬೇಕು, ಅಷ್ಟೇ. ಯೂಟ್ಯೂಬ್ ನೋಡಿ ಕಲಿತಿದ್ದ ‘ಎಕ್ಸ್‌ಲುಕಪ್’ ಟೈಪಿಸಿ ಎಂಟರ್ ಒತ್ತಿದೆ. ಬಂದದ್ದು ಬೆಲೆಯಲ್ಲ, ‘ನೇಮ್’ ಎಂಬ ದೋಷ! ಸ್ಪೆಲ್ಲಿಂಗ್ ತಿದ್ದಿದೆ, ಬ್ರಾಕೆಟ್ ಎಣಿಸಿದೆ, ಬೆವರಿದೆ. ಸಮಯ ಮುಗಿಯಿತು. ಅವಕಾಶವೂ ಕೈತಪ್ಪಿತು.

ಸಂಜೆ ಗಬ್ಬೂರಿಗೆ ಬಂದು, ಲಾರಿಗಳ ಲೆಕ್ಕ ಬರೆಯುವ ಪಕ್ಕದ ಮನೆ ಕಾಕಾನ ಮುಂದೆ ಗೋಳು ಹೇಳಿಕೊಂಡೆ. “ಅಲ್ಲಿ ಯಾವ ವರ್ಷದ ಎಕ್ಸೆಲ್ ಇತ್ತು ನೋಡಿದ್ಯೇನೋ ತಮ್ಮಾ?” ಎಂದರು. ಸ್ಟಾರ್ಟ್ ಮೆನುವಿನಲ್ಲಿ ‘ಎಕ್ಸೆಲ್ 2016’ ಎಂದಿದ್ದದ್ದು ಆಗ ನೆನಪಾಯಿತು.

ಆ ರಾತ್ರಿ ಎಕ್ಸೆಲ್‌ನ ಜಾತಕವನ್ನೇ ಜಾಲಾಡಿದೆ. ಪರ್ಸನಲ್ ಕಂಪ್ಯೂಟರಿಗೆ ಮೊದಲ ಸ್ಪ್ರೆಡ್‌ಶೀಟ್ ಕೊಟ್ಟದ್ದು 1979ರ ವಿಸಿಕ್ಯಾಲ್ಕ್. ಎಕ್ಸೆಲ್ 1985ರಲ್ಲಿ ಮೊದಲು ಬಂದದ್ದು ಆ್ಯಪಲ್‌ನ ಮ್ಯಾಕಿಂಟೋಷ್‌ಗೆ. ವಿಂಡೋಸ್‌ಗೆ ಬಂದದ್ದು 1987ರಲ್ಲಿ. 1993ರ ಆವೃತ್ತಿ ಪಿವೋಟ್ ಟೇಬಲ್ ತಂದಿತು. ಎಕ್ಸೆಲ್ 97ರಲ್ಲಿ ಒಂದು ಹಾಳೆಗೆ 65,536 ಸಾಲುಗಳಿದ್ದವು. 2007ರಲ್ಲಿ ಅವು 10,48,576 ಆದವು. ನನಗೆ ಕೈಕೊಟ್ಟ ಎಕ್ಸ್‌ಲುಕಪ್ ಘೋಷಣೆಯಾದದ್ದು 2019ರಲ್ಲಿ, ಅದೂ ಚಂದಾ ಕಟ್ಟುವವರಿಗೆ. ಒಮ್ಮೆ ಹಣ ಕೊಟ್ಟು ಕೊಳ್ಳುವ ಆವೃತ್ತಿಗಳಲ್ಲಿ 2021ರದ್ದರಲ್ಲಿ ಅದಿದೆ, 2019ರದ್ದರಲ್ಲಿಲ್ಲ. 2016ರಲ್ಲಿ ಹುಡುಕಿದ ನಾನೇ ಪೆದ್ದ!

ಆವೃತ್ತಿ ಮರೆತು ಎಡವಿದ್ದು ನಾನೊಬ್ಬನೇ ಅಲ್ಲ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಕೋವಿಡ್ ಫಲಿತಾಂಶಗಳನ್ನು ಹಳೆಯ ‘ಎಕ್ಸ್‌ಎಲ್‌ಎಸ್’ ಫೈಲಿಗೆ ತುಂಬಿಸುತ್ತಿದ್ದರು. 65 ಸಾವಿರ ಚಿಲ್ಲರೆ ಸಾಲು ತುಂಬಿದ ಮೇಲೆ ಉಳಿದದ್ದು ಒಳಗೇ ಹೋಗಲಿಲ್ಲ. 15,841 ಸೋಂಕಿತರು ದಿನದ ಲೆಕ್ಕದಿಂದ ಬಿಟ್ಟುಹೋದರು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು.

ಮರುದಿನ ಕಾಕಾನ ಹಳೆಯ ಕಂಪ್ಯೂಟರಿನಲ್ಲೇ ಕೂತು ‘ಇಂಡೆಕ್ಸ್’ ಮತ್ತು ‘ಮ್ಯಾಚ್’ ಜೋಡಿಸಿ ಅದೇ ಪ್ರಶ್ನೆ ಬಿಡಿಸಿದೆ. ‘ಮ್ಯಾಚ್’ ಕೋಡ್ ಎಷ್ಟನೇ ಸಾಲಿನಲ್ಲಿದೆ ಎಂದು ಹೇಳುತ್ತದೆ, ‘ಇಂಡೆಕ್ಸ್’ ಆ ಸಾಲಿನ ಬೆಲೆ ತಂದುಕೊಡುತ್ತದೆ. ಹಳತು, ಹೊಸತು ಎಲ್ಲದರಲ್ಲೂ ನಡೆಯುತ್ತದೆ. “ಹೊಸಾದು ಕಲಿ, ಆದ್ರ ಹಳೇದು ಬಿಡಬ್ಯಾಡ. ಎಲ್ಲಾ ಆಫೀಸಿನ್ಯಾಗೂ ಹೊಸಾ ಎಕ್ಸೆಲ್ ಇರಂಗಿಲ್ಲ” ಎಂದರು ಕಾಕಾ.

ಗೆಳೆಯರೇ, ಪರೀಕ್ಷೆಗೆ ಕೂತಾಗ ಮೊದಲು ‘ಫೈಲ್’ಗೆ ಹೋಗಿ ‘ಅಕೌಂಟ್’ ತೆರೆದು ಯಾವ ಆವೃತ್ತಿ ಎಂದು ನೋಡಿಬಿಡಿ. ಅರ್ಧ ನಿಮಿಷ ಸಾಕು. ಮುಂದಿನ ವಾರ ನನಗೆ ಇನ್ನೊಂದು ಇಂಟರ್ನ್‌ಶಿಪ್ ಸಂದರ್ಶನವಿದೆ. ಈ ಸಲ ಆ ಅರ್ಧ ನಿಮಿಷ ಬಿಡುವುದಿಲ್ಲ!